ಬಾಹ್ಯಾಕಾಶದಿಂದ ತಂದ ಕಲ್ಲು ಕೆಟ್ಟಿಲ್ಲ ಅಂತ ಹೇಗೆ ಗೊತ್ತಾಗುತ್ತದೆ?

ಬೇರೆ ಗ್ರಹಗಳಿಂದ ತಂದ ಕಲ್ಲು ಇಲ್ಲಿಗೆ ಬಂದ ಮೇಲೆ ಕೆಟ್ಟಿದೆಯೋ ಇಲ್ಲವೋ ಅಂತ ಹೇಗೆ ಪತ್ತೆ ಮಾಡುತ್ತಾರೆ ಎಂದು ಕೇಳಿದ್ದೀರಿ. ನಾನು ವಿಜಯಪುರದಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಒಂದು ಮಾತು ಮೊದಲೇ ಹೇಳಬೇಕು. ಬೇರೆ ಗ್ರಹದಿಂದ ಇನ್ನೂ ಯಾರೂ ಕಲ್ಲು ತಂದಿಲ್ಲ. ತಂದಿರುವುದೆಲ್ಲ ಚಂದ್ರನಿಂದ ಮತ್ತು ಕ್ಷುದ್ರಗ್ರಹಗಳಿಂದ. ಮಂಗಳದ ಕೆಲವು ಕಲ್ಲುಗಳು ನಮ್ಮಲ್ಲಿವೆ, ಆದರೆ ಅವು ಉಲ್ಕೆಯಾಗಿ ತಾವೇ ಬಂದು ಬಿದ್ದವು.

ಕಲ್ಲು ಕೆಡುವುದನ್ನು ನೋಡಬೇಕೆಂದರೆ ನಮ್ಮ ಊರ ಸುತ್ತಲಿನ ಕರಿಕಲ್ಲು ಸಾಕು. ಅದು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಒಡೆದರೆ ಒಳಗೆ ಕಡುಗಪ್ಪು, ಹೊರಗೆ ಕಂದು ಸಿಪ್ಪೆ. ಆ ಸಿಪ್ಪೆ ನೀರು, ಗಾಳಿಯ ಕೆಲಸ. ಅದೇ ಮುಂದುವರಿದು ಎರೆಮಣ್ಣಾಗುತ್ತದೆ. ಚಂದ್ರನ ಕರಿಕಲ್ಲೂ ಇದೇ ಜಾತಿ. ಬಹಳಷ್ಟು 300 ಕೋಟಿ ವರ್ಷಕ್ಕಿಂತ ಹಳೆಯವು. ಆದರೂ ಅದರ ಹರಳುಗಳು ಇವತ್ತಿಗೂ ತಾಜಾ. ಅಲ್ಲಿ ಕೆಡಿಸಲು ನೀರಿಲ್ಲ, ಗಾಳಿಯಿಲ್ಲ.

ಅದಕ್ಕೇ 1972ರಲ್ಲಿ ಅಪೋಲೋ 16 ತಂದ 66095 ಎಂಬ ಕಲ್ಲಿನಲ್ಲಿ ತುಕ್ಕು ಕಂಡಾಗ ವಿಜ್ಞಾನಿಗಳು ಬೆಚ್ಚಿದರು. ತುಕ್ಕು ಚಂದ್ರನಲ್ಲೇ ಹಿಡಿದಿತ್ತೋ, ಕಲ್ಲಿನೊಳಗಿದ್ದ ಕಬ್ಬಿಣದ ಕ್ಲೋರೈಡಿಗೆ ನಮ್ಮ ಗಾಳಿಯ ತೇವ ತಗಲಿ ಹಿಡಿಯಿತೋ? ಈ ವಾದ ದಶಕಗಟ್ಟಲೆ ನಡೆಯಿತು. ಪರೀಕ್ಷೆಯ ಅಸಲಿ ಕಷ್ಟ ಇದೇ. ಕಲ್ಲಿನಲ್ಲಿ ಬದಲಾವಣೆ ಕಾಣುವುದು ಸುಲಭ. ಅದು ಎಲ್ಲಿ ಆಯಿತು ಅಂತ ಹೇಳುವುದು ಸುಲಭವಲ್ಲ.

ಆದ್ದರಿಂದ ಈಗ ಕಲ್ಲನ್ನು ಮುಟ್ಟುವ ಮೊದಲೇ ಅದರ ಸ್ಥಿತಿ ದಾಖಲಿಸುತ್ತಾರೆ. 1972ರಲ್ಲಿ ಅಪೋಲೋ 17ರವರು ಚಂದ್ರನ ಮೇಲೆಯೇ ಅಲ್ಲಿನ ಮಣ್ಣು ತುಂಬಿ ನಿರ್ವಾತದಲ್ಲಿ ಮುಚ್ಚಿದ ಒಂದು ಕೊಳವೆಯನ್ನು ನಾಸಾ ತೆರೆದದ್ದು 2022ರಲ್ಲಿ. ತೆರೆಯುವ ಮುನ್ನ ಒಳಗಿನ ಅನಿಲ ಹೊರತೆಗೆದರು, ಕೊಳವೆಯನ್ನು ಸಿಟಿ ಸ್ಕ್ಯಾನ್ ಮಾಡಿದರು. ಮುಂದಿನ ಕೆಲಸವೆಲ್ಲ ಒಣ ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿ, ಕೈಗವಸು ಹಾಕಿಕೊಂಡು.

ಸ್ಕ್ಯಾನ್ ಎಷ್ಟು ಉಪಯೋಗ ಅಂತ ರ್‍ಯುಗು ಕ್ಷುದ್ರಗ್ರಹದ ಒಂದು ಚೂರಿನಿಂದ ಗೊತ್ತಾಯಿತು. ಜಪಾನಿನ ಹಯಾಬುಸಾ2 ನೌಕೆ 2020ರಲ್ಲಿ ತಂದದ್ದು ಒಟ್ಟು ಸುಮಾರು 5.4 ಗ್ರಾಂ. ಅದರಲ್ಲಿ ಲಂಡನ್ನಿಗೆ ಹೋದ ಚೂರಿನ ಮೇಲೆ ಸೂಕ್ಷ್ಮಜೀವಿಗಳಂಥ ಎಳೆಗಳು ಕಂಡವು. ಅನ್ಯಗ್ರಹದ ಜೀವಿ ಅಂತ ಸುದ್ದಿಯಾಗಬಹುದಿತ್ತು ಅಲ್ವಾ? ಆದರೆ ಮೊದಲೇ ತೆಗೆದ ಎಕ್ಸ್-ರೇ ಸ್ಕ್ಯಾನಿನಲ್ಲಿ ಅವು ಇರಲಿಲ್ಲ. ಎಳೆಗಳ ಸಂಖ್ಯೆ ಏರಿತು, ಆಮೇಲೆ ಇಳಿಯಿತು. ಬೆಳೆದ ವೇಗವೂ ಭೂಮಿಯ ಸೂಕ್ಷ್ಮಜೀವಿಗಳದ್ದೇ. ಇಲ್ಲಿ ಅಂಟಿಕೊಂಡವು ಎಂಬುದು ಹಾಗೆ ಖಚಿತವಾಯಿತು. ಇಷ್ಟು ಎಚ್ಚರ ವಹಿಸಿದರೂ ನಮ್ಮ ಜೀವಿಗಳು ಎಷ್ಟು ಬೇಗ ಹತ್ತಿಕೊಳ್ಳುತ್ತವೆ ಅನ್ನುವುದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಮಂಗಳದಲ್ಲಿ ಕಲ್ಲು ಕೂಡಿಸುತ್ತಿರುವ ಪರ್ಸಿವಿಯರೆನ್ಸ್ ರೋವರ್ ಇದಕ್ಕೆ ತಯಾರಿ ಮಾಡಿಕೊಂಡೇ ಹೋಗಿದೆ. ಅದರ 43 ಕೊಳವೆಗಳಲ್ಲಿ 5 ಸಾಕ್ಷಿ ಕೊಳವೆಗಳು. ಅವುಗಳಲ್ಲಿ ಕಲ್ಲು ತುಂಬುವುದಿಲ್ಲ. ರೋವರಿನಿಂದಲೇ ಹೊರಡುವ ಅನಿಲ, ಧೂಳು ಅವುಗಳೊಳಗೆ ಸಿಕ್ಕಿಬೀಳುತ್ತವೆ. ಮುಂದೆ ಮಂಗಳದ ಕಲ್ಲಿನಲ್ಲಿ ಇಂಗಾಲದ ಅಣುಗಳು ಕಂಡರೆ, ಅವೇ ಸಾಕ್ಷಿ ಕೊಳವೆಯಲ್ಲೂ ಇವೆಯೇ ಅಂತ ಮೊದಲು ನೋಡುತ್ತಾರೆ. ಇದ್ದರೆ ಅವು ಭೂಮಿಯಿಂದ ಹೋದವು ಎಂಬ ಅನುಮಾನ ಗಟ್ಟಿಯಾಗುತ್ತದೆ.