ಬೈಕಿನ ಕ್ಲಚ್ ಲಿವರ್ ತುಂಬಾ ಗಟ್ಟಿಯಾಗಿದೆ, ಮನೆಯಲ್ಲೇ ಸರಿಮಾಡಬಹುದೇ?
ಖಂಡಿತ. ಇಂಜಿನ್ ಕಡೆ ಕೇಬಲ್ ಸಡಿಲಿಸಿ. ಹ್ಯಾಂಡಲ್ ಬಳಿಯ ಅಡ್ಜಸ್ಟರನ್ನು (ಕೇಬಲ್ ಬಿಗಿ-ಸಡಿಲ ಮಾಡುವ ತಿರುಪು) ಪೂರ್ತಿ ಒಳಕ್ಕೆ ತಿರುಗಿಸಿ, ಅಡ್ಜಸ್ಟರ್, ಅದನ್ನು ಕದಲದಂತೆ ಹಿಡಿಯುವ ಲಾಕ್ ನಟ್, ಲಿವರ್ ಕೂರುವ ಹೋಲ್ಡರ್ ಮೂರರ ಸೀಳುಗಳನ್ನೂ ಒಂದೇ ಸಾಲಿಗೆ ತಂದರೆ ಕೇಬಲ್ ಹೊರಬರುತ್ತದೆ.

ಮೊದಲು ಲಿವರ್ ಬಳಿ ತಂತಿಯ ಎಳೆಗಳನ್ನು ನೋಡಿ. ಸರಿಯಿದ್ದರೆ ಕೇಬಲ್ಲಿನೊಳಗೆ ಎಣ್ಣೆ ಬಿಡಿ. ಒಂದೇ ಎಳೆ ತುಂಡಾಗಿದ್ದರೂ ಎಣ್ಣೆಯಿಂದ ಪ್ರಯೋಜನವಿಲ್ಲ, ಹೊಸ ಕೇಬಲ್ಲೇ ಹಾಕಿ. ಗ್ರೀಸ್ ಒಣಗಿದರೆ ತಂತಿಯ ಗುಂಡು ತುದಿ ಲಿವರಿನ ತೂತಿನಲ್ಲಿ ತಿರುಗುವುದಿಲ್ಲ. ಕ್ಲಚ್ ಹಿಡಿದಾಗಲೆಲ್ಲ ತಂತಿ ಅಲ್ಲೇ ಬಗ್ಗಿ ಬಗ್ಗಿ ಕಡಿಯುತ್ತದೆ. ಹಾಗಾಗಿ ಆ ತೂತಿಗೂ ಲಿವರ್ ತಿರುಗುವ ಪಿವಟ್ ಬೋಲ್ಟಿಗೂ ಗ್ರೀಸ್ ಹಚ್ಚಲೇಬೇಕು.

ಜೋಡಿಸಿದ ಮೇಲೆ ಲಿವರಿನ ತುದಿಯಲ್ಲಿ ಸುಮಾರು 10–20 ಮಿ.ಮೀ. ಫ್ರೀ ಪ್ಲೇ, ಅಂದರೆ ಕೇಬಲ್ ಬಿಗಿಯಾಗುವ ಮೊದಲು ಲಿವರ್ ಸಡಿಲವಾಗಿ ಆಡುವಷ್ಟು ಜಾಗ, ಬಿಡಿ (ನಿಮ್ಮ ಬೈಕಿನ ಕೈಪಿಡಿಯ ಅಳತೆಯೇ ಅಂತಿಮ). ಕಡಿಮೆಯಾದರೆ ಕ್ಲಚ್ ಪ್ಲೇಟ್ ಜಾರಿ ಸುಡುತ್ತದೆ, ಹೆಚ್ಚಾದರೆ ಗೇರ್ ಸಲೀಸಾಗಿ ಬೀಳುವುದಿಲ್ಲ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗಲೂ ಕೇಬಲ್ ಬಿಗಿಯಬಾರದು.