ಪ್ರತಿ: ಕಡಲು ಮನೆ ನುಂಗಿದರೂ ಜನ ಯಾಕೆ ಜಾಗ ಬಿಡುವುದಿಲ್ಲ?

ಪ್ರತಿ ಮಳೆಗಾಲ ಕಡಲ್ಕೊರೆತ ಆದರೂ ಮಂಗಳೂರು ಹತ್ತಿರದ ಸೋಮೇಶ್ವರ, ಉಚ್ಚಿಲದ ಮೀನುಗಾರರು ಯಾಕೆ ಬೇರೆ ಕಡೆ ಹೋಗುವುದಿಲ್ಲ ಎಂದು ಕೇಳಿದ್ದೀರಿ. ಸುಮ್ನೆ ಹಠ ಅಂತ ತಿಳಿಯಬೇಡಿ ಸರ್. ನಾಡದೋಣಿ, ಬಲೆ ಕಣ್ಣೆದುರೇ ಇರಬೇಕು. ಮೀನು ಒಣಗಿಸಲು ದಡದ ಜಾಗ ಬೇಕು. ಭಜನಾ ಮಂದಿರವೂ ಅಲ್ಲೇ. ದೂರದಲ್ಲೆಲ್ಲೋ ಸೈಟ್ ಕೊಟ್ಟರೆ ಬೆಳಗಿನ ಜಾವ ದೋಣಿಗೆ ಬರುವುದು ಹೇಗೆ?

ಕೇರಳದ ‘ಪುನರ್ಗೇಹಂ’ ಯೋಜನೆಯಲ್ಲಿ ದಡದಿಂದ 50 ಮೀಟರ್ ಒಳಗಿರುವ ಕುಟುಂಬಕ್ಕೆ ಬೇರೆ ಕಡೆ ಹೋಗಲು ಜಾಗ, ಮನೆ ಸೇರಿ 10 ಲಕ್ಷ ರೂಪಾಯಿ ಕೊಡುವ ಏರ್ಪಾಡಿದೆ. ನಮ್ಮಲ್ಲಿ ಜನ ಮೊದಲು ಕೇಳುವುದು ಕಲ್ಲಿನ ತಡೆಗೋಡೆ. ಆದರೆ ಗೋಡೆ ಮುಗಿಯುವ ಕಡೆ ಕೊರೆತ ಜಾಸ್ತಿಯಾಗುತ್ತದೆ, ಅಲ್ವಾ? ಕಡಲ ಮಟ್ಟವೂ ಏರುತ್ತಿದೆ.

ಇಡೀ ಕೇರಿಯನ್ನು ಒಟ್ಟಿಗೆ, ದಡಕ್ಕೆ ನಡೆದು ಹೋಗುವಷ್ಟು ಹತ್ತಿರ ಕೂರಿಸಿದರೆ ಜನ ಒಪ್ಪಿಯಾರು ಅನ್ನುವುದು ನನ್ನ ನಂಬಿಕೆ. ದಡದಲ್ಲಿ ದೋಣಿ ಇಡುವ ಹಕ್ಕನ್ನೂ ಬರೆದು ಕೊಡಬೇಕು.