ಟ್ಯಾಂಕು, ಬೆಂಕಿ ಇಲ್ಲದೆ ಯುದ್ಧದ ಚಿತ್ರ ಬರೆಯೋದು ಹೇಗೆ?

ನಿಮ್ಮ ಪ್ರಶ್ನೆ: "ಬಿವಿಎ ಕಲಾ ಪದವಿಯ ಕೊನೇ ವರ್ಷದಲ್ಲಿದ್ದೇನೆ. ಯುದ್ಧದಿಂದ ಕಾಡು, ನೆಲ ಹಾಳಾಗುವುದರ ಬಗ್ಗೆ ಒಂದು ದೊಡ್ಡ ಪೇಂಟಿಂಗ್ ಮಾಡಬೇಕು. ಏನೇ ಸ್ಕೆಚ್ ಹಾಕಿದರೂ ಪೋಸ್ಟರ್ ಥರ ಕಾಣುತ್ತದೆ. ಎಲ್ಲಿಂದ ಶುರು ಮಾಡಲಿ?"

ನಿಮ್ಮ ಸ್ಕೆಚ್ಚಿನಲ್ಲಿ ಏನೇನಿದೆ ಅಂತ ನೋಡದೆಯೇ ಹೇಳಬಲ್ಲೆ. ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು, ನಡುವೆ ಟ್ಯಾಂಕು, ಮೇಲೆ ಅಳುವ ಭೂಮಿತಾಯಿ. ಸರೀನಾ? ಬೇಜಾರು ಮಾಡ್ಕೋಬೇಡಿ. ನನ್ನ ಮೊದಲ ಕ್ಯಾನ್ವಾಸಿನಲ್ಲೂ ಇಷ್ಟೇ ಇತ್ತು, ಜೊತೆಗೊಂದು ತಲೆಬುರುಡೆ ಬೇರೆ. ಅದೀಗ ನಮ್ಮ ಹಿತ್ತಲಲ್ಲಿ ಕಟ್ಟಿಗೆ ರಾಶಿಯ ಮೇಲೆ ಹೊದಿಕೆಯಾಗಿದೆ. ಆಯಿಲ್ ಪೇಂಟ್ ಅಲ್ವಾ, ಮಳೆ ನೀರು ಬೇಗ ಇಳಿಯೋದಿಲ್ಲ.

ನಾನು ಹೊನ್ನಾವರದ ಕಡೆಯವನು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ನನಗೆ ಗೊತ್ತಿರುವ ದಾರಿ ಒಂದೇ. 'ಯುದ್ಧ' ಅನ್ನುವ ದೊಡ್ಡ ಮಾತು ಬಿಟ್ಟು, ಹೆಸರಿರುವ ಒಂದು ಜಾಗ ಹಿಡಿಯಿರಿ. ಅಲ್ಲಿ ಯಾವ ಮರ ಇತ್ತು, ಅದು ಹೇಗೆ ಸತ್ತಿತು, ಇಷ್ಟನ್ನು ತಿಳಿದುಕೊಳ್ಳಿ. ಮಿಕ್ಕಿದ್ದನ್ನು ಮರವೇ ಹೇಳುತ್ತದೆ.

ನಾನು ಹಿಡಿದ ಜಾಗ ವಿಯೆಟ್ನಾಮಿನ ಕಾನ್ ಜೋ. ಆಗಿನ ಸೈಗಾನ್, ಈಗಿನ ಹೋ ಚಿ ಮಿನ್ ನಗರದಿಂದ ಸಮುದ್ರದ ಕಡೆ ಹೋದರೆ ಸಿಗುವ ಕಾಡು. ನಾವು ಕಾಂಡ್ಲಾ ಅನ್ನುತ್ತೇವಲ್ಲ, ಉಪ್ಪುನೀರಿನ ಕೆಸರಲ್ಲಿ ಬೇರೂರಿ ನಿಲ್ಲುವ ಗಿಡಗಳು, ಅದರದೇ ಕಾಡು. ಅಲ್ಲಿನ ರೈಜೋಫೋರಾ ಅನ್ನುವ ಜಾತಿಯ ಕಾಂಡ್ಲಾ ನಮ್ಮ ಶರಾವತಿ ಅಳಿವೆಯಲ್ಲೂ ಇದೆ. ಹಳೇ ಫೋಟೋ ಮೊದಲ ಸಲ ನೋಡಿದಾಗ ನಮ್ಮೂರಿನ ಆಚೆ ದಡವನ್ನು ಯಾರೋ ಬೋಳಿಸಿ ಬಿಟ್ಟ ಹಾಗೆ ಕಂಡಿತು.

ವಿಯೆಟ್ನಾಂ ಯುದ್ಧದಲ್ಲಿ ಆಗಿದ್ದು ಇಷ್ಟು. ಸೈಗಾನಿಗೆ ಹೋಗುವ ಹಡಗುಗಳು ಈ ಕಾಡಿನ ನಡುವಿನ ಹೊಳೆಗಳಲ್ಲೇ ಹಾದುಹೋಗಬೇಕಿತ್ತು. ಕಾಂಡ್ಲಾದಲ್ಲಿ ಅಡಗಿದ, ಅಮೆರಿಕದ ವಿರುದ್ಧ ಹೋರಾಡುತ್ತಿದ್ದವರು ಅವುಗಳ ಮೇಲೆ ದಾಳಿ ಮಾಡುತ್ತಿದ್ದರು. ಮರೆಯೇ ಇರಬಾರದು ಅಂತ ಅಮೆರಿಕದ ವಿಮಾನಗಳು ಎಲೆ ಉದುರಿಸುವ ಔಷಧಿ ಸುರಿದವು. 1962ರಿಂದ 1971ರವರೆಗೆ ದಕ್ಷಿಣ ವಿಯೆಟ್ನಾಮಿನ ಮೇಲೆ ಬಿದ್ದ ಇಂಥ ಔಷಧಿ ಒಟ್ಟು 7 ಕೋಟಿ ಲೀಟರಿಗಿಂತ ಜಾಸ್ತಿ. ಅದರಲ್ಲಿ ಹೆಚ್ಚಿನದು ಏಜೆಂಟ್ ಆರೆಂಜ್. ಡ್ರಮ್ಮಿನ ಮೇಲೆ ಕಿತ್ತಳೆ ಪಟ್ಟಿ ಇತ್ತು, ಅದಕ್ಕೇ ಆ ಹೆಸರು. ಅದರ ಅರ್ಧ ಭಾಗ 2,4-ಡಿ. ಹೌದು, ನಮ್ಮ ಗದ್ದೆಯ ಕಳೆಗೆ ಇವತ್ತಿಗೂ ಹೊಡೆಯುವ ಅದೇ 2,4-ಡಿ. ಇನ್ನರ್ಧ 2,4,5-ಟಿ ಅನ್ನುವ ಇನ್ನೊಂದು ಕಳೆನಾಶಕ. ಡಯಾಕ್ಸಿನ್ ವಿಷ ಸೇರಿಕೊಂಡಿದ್ದು ಅದರಲ್ಲಿ.

ನನ್ನ ಚಿತ್ರ ಬದಲಾಗಿದ್ದು ಮುಂದಿನ ಸಂಗತಿ ಓದಿದ ಮೇಲೆ. ಗುಡ್ಡದ ಕಾಡಿನ ಎಷ್ಟೋ ಮರಗಳು ಒಂದು ಸಲ ಎಲೆ ಉದುರಿಸಿದರೂ ಮತ್ತೆ ಚಿಗುರಿದವು. ಕಾಂಡ್ಲಾಗೆ ಮಾತ್ರ ಒಂದೇ ಸಿಂಪಡಣೆ ಸಾಕಾಯಿತು. ರೈಜೋಫೋರಾದ ಹಳೇ ಕೊಂಬೆಗೆ ಮತ್ತೆ ಚಿಗುರುವ ಶಕ್ತಿ ಇಲ್ಲ. ಅಂದರೆ ಈ ಮರ ಸಾಯೋಕೆ ಬೆಂಕಿ ಬೇಕಿರಲಿಲ್ಲ, ಬಾಂಬೂ ಬೇಕಿರಲಿಲ್ಲ. ಮರ ನಿಂತೇ ಇದೆ. ಊರುಗೋಲಿನಂಥ ಬೇರುಗಳು ಕೆಸರನ್ನು ಹಿಡಿದುಕೊಂಡೇ ಇವೆ. ಭರತ ಇಳಿತ ಎಂದಿನ ಹಾಗೆ ನಡೆದಿದೆ. ಎಲೆ ಮಾತ್ರ ಇಲ್ಲ. ನಾನು ತಂದಿಟ್ಟುಕೊಂಡಿದ್ದ ಕೆಂಪು ಟ್ಯೂಬನ್ನು ಆವತ್ತೇ ಡಬ್ಬಿಗೆ ಹಾಕಿದೆ.

ವಿಯೆಟ್ನಾಮಿಗೆ ಹೋಗುವಷ್ಟು ದುಡ್ಡು ನನ್ನಲ್ಲಿಲ್ಲ. ಹಾಗಾಗಿ ಬೇರು ಕಲಿಯೋಕೆ ನಮ್ಮ ಅಳಿವೆಗೇ ಹೋದೆ. ದಿನಾ ಇಳಿತದ ಹೊತ್ತಿಗೆ ಕೂತು ಇದ್ದಿಲಿನಲ್ಲಿ ಸ್ಕೆಚ್. ಚಿಪ್ಪಿ ಆರಿಸಲು ಬರುವ ಅಕ್ಕ ಒಬ್ಬರು ಒಂದು ದಿನ ಹಿಂದೆ ನಿಂತು ನೋಡಿದರು. "ಮಾಸ್ತರ್ರೆ, ಇದೆಂತ ಕೆಸ್ರು? ಒಂದು ಏಡಿ ಒಟ್ಟೆ ಇಲ್ಲ" ಅಂದರು. ತಲೆ ಎತ್ತಿ ನೋಡಿದರೆ ಬೇರಿನ ಸುತ್ತ ಎಲ್ಲಾ ಕಡೆ ತೂತು, ಪಕ್ಕದಲ್ಲಿ ಏಡಿ ಎತ್ತಿ ಹಾಕಿದ ಮಣ್ಣಿನ ಸಣ್ಣ ಸಣ್ಣ ಉಂಡೆ. ಹತ್ತು ದಿನದಿಂದ ಅಲ್ಲೇ ಕೂತಿದ್ದೇನೆ, ಒಂದನ್ನೂ ಬರೆದಿಲ್ಲ! ಉದುರಿದ ಎಲೆ ತಿಂದು ಬದುಕುವ ಏಡಿಗಳೂ ಇವೆ. ಎಲೆಯೇ ಇಲ್ಲದ ಕಾಡಲ್ಲಿ ಅವಕ್ಕೆ ಊಟ ಎಲ್ಲಿಂದ? ಹಾಗಾಗಿ ನಮ್ಮ ಅಳಿವೆಯ ಸ್ಕೆಚ್ಚಿನಲ್ಲಿ ಒಟ್ಟೆಗಳನ್ನು ಒಂದೊಂದಾಗಿ ಬರೆದೆ. ಕಾನ್ ಜೋದ ಕ್ಯಾನ್ವಾಸಿನಲ್ಲಿ ಬೇಕಂತಲೇ ಕೆಸರನ್ನು ನುಣ್ಣಗೆ ಬಿಟ್ಟೆ, ಗಾರೆ ಬಳಿದ ನೆಲದ ಹಾಗೆ. ಪರಿಚಯದವರಿಗೆ ಚಿತ್ರ ತೋರಿಸಿದಾಗ ಮರದ ಬಗ್ಗೆ ಯಾರೂ ಮಾತಾಡಲಿಲ್ಲ. ಮೀನುಗಾರರ ಮನೆಯ ಹುಡುಗನೊಬ್ಬ ಮಾತ್ರ "ಈ ಕೆಸರು ಸರಿ ಇಲ್ಲ" ಅಂದ. ನನಗೆ ಅಷ್ಟು ಸಾಕಿತ್ತು.

ಬಣ್ಣದ ವಿಷಯಕ್ಕೆ ಬಂದರೆ, ಕಪ್ಪು ಟ್ಯೂಬ್ ಮುಟ್ಟಬೇಡಿ. ಬರ್ನ್ಟ್ ಅಂಬರ್ ಅನ್ನುವ ಕಡು ಕಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಸೇರಿಸಿ, ಬಿಳಿ ಹಾಕುತ್ತಾ ಹೋಗಿ. ನೀಲಿ ಜಾಸ್ತಿಯಾದರೆ ಒದ್ದೆ ಕೆಸರು, ಅಂಬರ್ ಜಾಸ್ತಿಯಾದರೆ ಒಣಗಿದ ತೊಗಟೆ. ಈ ಎರಡರ ನಡುವೆಯೇ ಇಡೀ ಚಿತ್ರ ಮುಗಿಯುತ್ತದೆ. ಬೇರುಗಳನ್ನು ನಾನು ಬ್ರಷ್‌ನಲ್ಲಿ ಬರೆಯಲಿಲ್ಲ. ಬಣ್ಣ ಹಸಿ ಇದ್ದಾಗಲೇ ಟರ್ಪೆಂಟೈನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆದೆ. ಅವು ತೆಳ್ಳಗೆ, ಅರೆಬರೆ ಅಳಿಸಿದ ಹಾಗೆ ಕಂಡವು. ಈ ಉಪಾಯ ಹೊಳೆದದ್ದೇನಲ್ಲ, ಒಂದು ಬೇರು ಕೆಟ್ಟಿತ್ತು ಅಂತ ಒರೆಸಲು ಹೋಗಿ ಸಿಕ್ಕಿದ್ದು. ಕಿಟಕಿ ಮಾತ್ರ ತೆಗೆದಿಡಿ, ಆ ವಾಸನೆಗೆ ತಲೆನೋವು ಬರುತ್ತದೆ.

ಪಾಲ್ ನ್ಯಾಶ್ ಅನ್ನುವ ಇಂಗ್ಲಿಷ್ ಕಲಾವಿದನ 1918ರ ಚಿತ್ರವೊಂದನ್ನು ಹುಡುಕಿ ನೋಡಿ. ಹೆಸರು 'ವಿ ಆರ್ ಮೇಕಿಂಗ್ ಅ ನ್ಯೂ ವರ್ಲ್ಡ್', ನಾವು ಹೊಸ ಲೋಕ ಕಟ್ಟುತ್ತಿದ್ದೇವೆ ಅಂತ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನದು. ನ್ಯಾಶ್ ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೇನಾಧಿಕಾರಿಯಾಗಿದ್ದವನು. 1917ರ ಮೇನಲ್ಲಿ ಕಂದಕಕ್ಕೆ ಬಿದ್ದು ಪಕ್ಕೆಲುಬು ಮುರಿದು ಊರಿಗೆ ಬಂದ. ಕೆಲವೇ ದಿನಕ್ಕೆ ಅವನ ತುಕಡಿಯ ಎಷ್ಟೋ ಜನ ದಾಳಿಯೊಂದರಲ್ಲಿ ಸತ್ತರು. ಅದೇ ವರ್ಷ ನವೆಂಬರಿನಲ್ಲಿ ಸರ್ಕಾರದ ಯುದ್ಧ ಕಲಾವಿದನಾಗಿ ಮತ್ತೆ ಅಲ್ಲಿಗೇ ಹೋದ. ಇಷ್ಟೆಲ್ಲಾ ಕಂಡವನ ಚಿತ್ರದಲ್ಲಿ ಒಬ್ಬ ಸಿಪಾಯಿ ಇಲ್ಲ, ಒಂದು ಬಂದೂಕಿಲ್ಲ. ಮುರಿದ ಮರಗಳು, ಉಬ್ಬುತಗ್ಗಿನ ಮಣ್ಣು, ಮೇಲೆ ಸೂರ್ಯ. ಕೆಂಪು ಇದೆ, ಆದರೆ ಅದು ಮೋಡದ್ದು. ಅಳತೆ 71 ಸೆಂ.ಮೀ. ಎತ್ತರ, 91 ಸೆಂ.ಮೀ. ಅಗಲ, ಅಷ್ಟೇ. ನೀವು 'ದೊಡ್ಡ' ಪೇಂಟಿಂಗ್ ಅಂದಿದ್ದಕ್ಕೆ ಈ ಮಾತು ಹೇಳಿದೆ.

ಕೊನೆಗೆ ಮೂಲೆಯಲ್ಲಿ ಒಂದು ಹಸಿರು ಮೊಳಕೆ ಬರೆಯಬೇಕು ಅನಿಸುತ್ತದೆ. ಎಲ್ಲರಿಗೂ ಅನಿಸುತ್ತದೆ. ದಯವಿಟ್ಟು ಬೇಡ. ಕಾನ್ ಜೋದಲ್ಲಿ ಕಾಡು ತಾನಾಗಿ ಎದ್ದು ನಿಲ್ಲಲಿಲ್ಲ. 1978ರಿಂದ ಜನ ಕೆಸರಿಗಿಳಿದು ದೇಶದ ದಕ್ಷಿಣ ತುದಿಯ ಕಾ ಮಾವ್‌ನಿಂದ ತಂದ ಬೀಜಗಳನ್ನು ಕೈಯಿಂದ ನೆಟ್ಟರು. ಯುನೆಸ್ಕೋ ಅದನ್ನು ಜೀವಗೋಳ ಮೀಸಲು ಪ್ರದೇಶ ಅಂತ ಗುರುತಿಸಿದ್ದು 2000ದಲ್ಲಿ. ಇದನ್ನು ಮೂಲೆಯಲ್ಲಿ ತುರುಕಿದರೆ ನೆಟ್ಟವರಿಗೂ ಅನ್ಯಾಯ. ನಾನು ಬೇರೆಯೇ ಒಂದು ಚಿಕ್ಕ ಕಾಗದದಲ್ಲಿ ಬರೀ ಬೀಜ ಬರೆದೆ. ರೈಜೋಫೋರಾದ ಬೀಜ ಮರದಲ್ಲೇ ಮೊಳೆತು ಎಳೇ ನುಗ್ಗೆಕಾಯಿ ಹಾಗೆ ಉದ್ದಕ್ಕೆ ಜೋತುಬೀಳುತ್ತದೆ, ನೋಡೋಕೆ ಚೆಂದ.

ನೀವು ಯಾವ ಜಾಗ ಹಿಡಿಯುತ್ತೀರಿ ಅಂತ ತಿಳಿಸಿ. ಮೊದಲ ಸ್ಕೆಚ್ ಆದಾಗ ಇಲ್ಲೇ ಹಾಕಿ, ನೋಡ್ತೀನಿ. ಭೂಮಿತಾಯಿ ಇದ್ದರೆ ಮಾತ್ರ ಬೈತೀನಿ.